ಸಂಕೋಲೆಯ ಕೀಲಿಕೈ

ನಮ್ಮ ನಿಘಂಟು ಕಚೇರಿಯಲ್ಲಿ ಕತ್ತಿಗಳ ಹಳೆಯ ಹೆಸರುಗಳೆಲ್ಲ ನನ್ನ ಯಜಮಾನರ ಪಾಲು, ಬೇಡಿಗಳ ಹೆಸರುಗಳು ನನ್ನ ಅಣ್ಣನ ಪಾಲು. ಉಗ್ರಾಣ ನನ್ನದು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆಯುಧ ಎನ್ನುವುದಕ್ಕೆ ಹಳಗನ್ನಡದಲ್ಲಿರುವ 'ಕೈದು' ಹುಟ್ಟಿದ್ದು 'ಕೈ'ಯಿಂದ ಎಂದು ಇವರು ಹೇಳಿದ್ದರು, ಆಧಾರ ತೋರಿಸಿ ಎಂದು ಅಣ್ಣ ಕೇಳಿದ್ದ. ಅಷ್ಟೇ. ಆಸ್ತಿಗಾಗಿ ಕಿತ್ತಾಡಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಅಣ್ಣ ನಮ್ಮ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟ. ಮುಂದಿನ ತಿಂಗಳು ಅವನ ನಿವೃತ್ತಿ. ಆಮೇಲೆ ಕಚೇರಿಯಲ್ಲೂ ಅವನ ಮುಖ ಕಾಣುವುದಿಲ್ಲ. ನನಗಿರುವುದು ಒಬ್ಬನೇ ಅಣ್ಣ. ನೆನೆದರೆ ಸಂಕಟವಾಗುತ್ತಿತ್ತು.

ವಸ್ತುವನ್ನು ಬಳಸಿ ನೋಡದೆ ಅರ್ಥ ಬರೆಯುವಂತಿಲ್ಲ ಎನ್ನುವುದು ಕಚೇರಿಯ ನಿಯಮ. ಬಂದ ವಸ್ತುವನ್ನೆಲ್ಲ ಹೆಸರಿನ ಮೊದಲಕ್ಷರದ ಕಪಾಟಿನಲ್ಲೇ ಇಡಬೇಕು ಎನ್ನುವುದು ಇನ್ನೊಂದು. 'ಸಂಕೋಲೆ'ಯ ಸರದಿ ಬಂದ ದಿನ ಅಣ್ಣ ಸಂಗ್ರಹಾಲಯದಿಂದ ತಂದಿದ್ದ ಸಂಕೋಲೆಯ ಒಂದು ಬಳೆಯನ್ನು ತನ್ನ ಕಾಲಿಗೆ ಹಾಕಿಕೊಂಡ. ಇನ್ನೊಂದಕ್ಕೆ ಕಾಲು ಬೇಕಿತ್ತು. ಅಣ್ಣನನ್ನು ಬಿಟ್ಟರೆ ಕೋಣೆಯಲ್ಲಿದ್ದ ಗಂಡಸು ಇವರೊಬ್ಬರೇ. ನಿಘಂಟಿನ ಕೆಲಸವಲ್ಲವೇ, ತೆಪ್ಪಗೆ ಕಾಲು ಚಾಚಿದರು.

ನಡೆದು ನೋಡಿದರು, ಟಿಪ್ಪಣಿ ಬರೆದುಕೊಂಡರು. ಆಮೇಲೆ ಅಣ್ಣ ಹಣೆ ಚಚ್ಚಿಕೊಂಡ.

"ಕೀಲಿಕೈ 'ಕ' ಕಪಾಟಲ್ಲಿ ಇತ್ತಲ್ವಾ? ಆ ಸಂಪುಟ ಅಚ್ಚಾಯ್ತು ಅಂತ ಕಪಾಟನ್ನೇ ಗೋದಾಮಿಗೆ ಕಳಿಸಿಬಿಟ್ರು!"

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಗೋದಾಮಿಗೆ ಅಂದು ರಜೆ. ಕತ್ತರಿಸುವ ಮಾತೆತ್ತಿದರೆ, ಸಂಗ್ರಹಾಲಯದ ವಸ್ತು ಎಂದು ಇಬ್ಬರೂ ಹೌಹಾರಿದರು.

ಹತ್ತಿರದಲ್ಲೇ ಇದ್ದದ್ದು ನಮ್ಮ ಮನೆ. ಹೊಸಿಲಿನ ಬಳಿ ಅಣ್ಣ ಅನುಮಾನಿಸಿದ. ಇವರು ದಾಟಿದರು, ಅವನೂ ದಾಟಲೇಬೇಕಾಯಿತು.

ಊಟದ ಹೊತ್ತಿಗೆ ಅಣ್ಣ ಬಾಯಿಬಿಟ್ಟ. "ಶೃಂಖಲೆಯಿಂದ ಸಂಕಲೆ, ಅದರಿಂದ ಸಂಕೋಲೆ ಅಂತ ಬರೀತೀನಿ. ತಕರಾರು ಇದ್ಯಾ ಭಾವ?"

"ಇಲ್ಲ ಭಾವ. ಕಾಲು ಈಚೆ ತನ್ನಿ, ಚರ್ಮ ಸುಲೀತಿದೆ." ಇವರು ತಮ್ಮ ಕರವಸ್ತ್ರವನ್ನು ಮಡಚಿ ಅಣ್ಣನ ಕಾಲಿಗೂ ಬಳೆಗೂ ನಡುವೆ ಸಿಕ್ಕಿಸಿದರು.

ಅಣ್ಣ ಕರವಸ್ತ್ರದ ಅಂಚನ್ನು ಸರಿಮಾಡಿಕೊಂಡ. "ಕೈದು ಕೈಯಿಂದಲೇ ಬಂದಿರಬಹುದು, ಬಿಡಿ."

"ಎಲ್ಲಿದೆ ಆಧಾರ?" ಎಂದರು ಇವರು.

ಈಗ ಒಬ್ಬರ ವಾದವನ್ನು ಇನ್ನೊಬ್ಬರು ಹಿಡಿದು ಜಗಳಕ್ಕೆ ನಿಂತರು. ನನಗೆ ಅಳು ಬಂತು, ಖುಷಿಗೆ. ಕೈಚೀಲದಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟೆ.

"'ಬ' ಕಪಾಟಲ್ಲಿತ್ತು. ನಾನು ಬೀಗದಕೈ ಅಂತ ಇಟ್ಟಿದ್ದೆ."

ನಿಘಂಟುಕಾರರಿಬ್ಬರೂ ಮುಖ ಮುಖ ನೋಡಿಕೊಂಡರು. ಅಣ್ಣ ಬಳೆ ಬಿಚ್ಚಿ ಕಾಲು ನೀವಿಕೊಂಡ. ಬಾಗಿಲು ತೆರೆದೇ ಇತ್ತು.

"ಇನ್ನೊಂದು ಸ್ವಲ್ಪ ಅನ್ನ ಬಡಿಸಮ್ಮ," ಎಂದ ಅಣ್ಣ.