ಎರಡನೇ ಸಾಲಿನ ಕಿಟಕಿ ಸೀಟು

ಬಸ್ಸಿನ ಸೀಟು ಹೊಲಿಯುವವನ ಕಣ್ಣಿಗೆ ಮನುಷ್ಯರ ಮುಖ ಆಮೇಲೆ ಕಾಣುತ್ತದೆ, ಮೊದಲು ಕಾಣುವುದು ಸೊಂಟ ಮತ್ತು ಮೊಣಕಾಲು. ಹಾಸನದ ಕುಷನ್ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ದುಡಿದ ಮೇಲೆ ಈ ರೋಗ ನನಗೂ ಅಂಟಿಕೊಂಡಿತ್ತು. ಯಾರಾದರೂ ಎದುರಿಗೆ ಬಂದರೆ ಇವರಿಗೆ ಎಷ್ಟು ಎತ್ತರದ ಸೀಟು ಬೇಕು, ಬೆನ್ನಿಗೆ ಎಷ್ಟು ವಾಲು ಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ತೊಂಬತ್ತೇಳರಲ್ಲಿ ಪುಟ್ಟರಾಜು ಎಂಬುವರ ಬಸ್ಸು ನಮ್ಮ ಅಂಗಡಿಗೆ ಬಂತು. ಹಾಸನದಿಂದ ಹೊಳೆನರಸೀಪುರದ ಮೇಲೆ ಹಳೇಕೋಟೆಗೆ ಹೋಗುವ ಬಸ್ಸು, ಅಂದರೆ ನಮ್ಮೂರಿನ ಬಸ್ಸು. ಸೀಟೆಲ್ಲ ಕಿತ್ತು ಹೊಸದಾಗಿ ಹಾಕಬೇಕಿತ್ತು. ಪುಟ್ಟರಾಜು ಬಂದವರೇ, "ಗೌತಮ, ಇನ್ನೊಂದು ಸಾಲು ಕೂರಿಸ್ಬುಡಯ್ಯ" ಅಂದರು.

"ಸಾ, ಇನ್ನೊಂದು ಸಾಲು ಹಾಕುದ್ರೆ ಜನ ಮೊಣಕಾಲು ಬಿಚ್ಚಿ ಮಡಿಲಲ್ಲಿ ಇಟ್ಕೊಂಡು ಕೂರ್ಬೇಕಾಯ್ತದೆ" ಎಂದೆ.

"ಎರಡು ಗಂಟೆ ಪ್ರಯಾಣ ಕಣಯ್ಯ. ತಾಕುದ್ರೆ ತಾಕ್ಲಿ ಬುಡು. ಜನ ಏನು ಮಲಗೋಕೆ ಬತ್ತಾರಾ?"

ಎರಡು ದಿನ ಜಗಳವಾಡಿ ಸೋತೆ. ಬಸ್ಸು ಅವರದು, ಸೋಲದೆ ಏನು ಮಾಡಲಿ? ಆದರೆ ಸೋತ ಸಿಟ್ಟಿಗೆ ಒಂದು ಕಳ್ಳತನ ಮಾಡಿದೆ. ಹಿಂದಿನ ನಾಲ್ಕು ಸಾಲುಗಳಿಂದ ಒಂದೊಂದು ಬೆರಳಿನಷ್ಟು ಜಾಗ ಕದ್ದು, ಎಡಗಡೆ ಎರಡನೇ ಸಾಲಿನ ಇಬ್ಬರು ಕೂರುವ ಸೀಟಿನ ಮುಂದೆ ಸೇರಿಸಿದೆ. ಕಿಟಕಿ ಪಕ್ಕದ ಕಡೆ ಒಂದಿಷ್ಟು ಹೆಚ್ಚು ಫೋಮನ್ನೂ ತುಂಬಿದೆ. ಅದು ನಮ್ಮವ್ವನ ಸೀಟು. ನಮ್ಮ ಅಂಗಡಿಯವರ ಹೊರತು ಯಾರಿಗೂ ಗೊತ್ತಿರಲಿಲ್ಲ.

ನಮ್ಮವ್ವ ಸುಬ್ಬಮ್ಮ ಮೂವತ್ತು ವರ್ಷದಿಂದ ಬಸ್ಸಿನಲ್ಲಿ ಓಡಾಡಿದವಳು. ಒಂದು ದಿನವೂ ಸೀಟಿನ ಮೇಲೆ ಕೂತವಳಲ್ಲ. ಹತ್ತಿದ ಕೂಡಲೇ ಎಂಜಿನ್ ಪಕ್ಕದ ನೆಲದ ಮೇಲೆ ಸೆರಗು ಸುತ್ತಿಕೊಂಡು ಕುಕ್ಕರಿಸುವಳು. ಬಸ್ಸು ಖಾಲಿ ಇದ್ದರೂ ಅಷ್ಟೇ. ಊರೊಳಗಿನ ದೊಡ್ಡವರು ಯಾರಾದರೂ ಹತ್ತಿದರೆ ಇನ್ನಷ್ಟು ಮುದುಡಿಕೊಳ್ಳುವಳು. ನಮ್ಮಪ್ಪ ಗುಂಡಯ್ಯನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಗೋಡೆಗೆ ಬುದ್ಧನ ಫೋಟೊ ಹಾಕಿ, ನನಗೆ ಗೌತಮ ಎಂದು ಹೆಸರಿಟ್ಟು, ಇನ್ನು ಯಾರ ಮುಂದೆಯೂ ಬಗ್ಗಬಾರದು ಎಂದು ಕೇರಿಗೆಲ್ಲ ಹೇಳಿಕೊಟ್ಟವನು. "ಅರ್ಧ ಟಿಕೀಟು ತಕ್ಕಂಡಿದ್ದೀಯೇನೇ ನೀನು?" ಎಂದು ಬಸ್ಸಿನಲ್ಲೇ ಕೂಗುತ್ತಿದ್ದ. ಅವ್ವ ನಕ್ಕುಬಿಡುವಳು. ಅಪ್ಪ ಸತ್ತ ಮೇಲೆ ಬುದ್ಧನ ಫೋಟೊಗೆ ದಿನಾ ಕೈ ಮುಗಿಯುವಳು, ಬಸ್ಸಿನಲ್ಲಿ ಮಾತ್ರ ನೆಲದ ಮೇಲೇ. ಅಪ್ಪನ ಜಮೀನು ಅಂತ ನನಗೆ ಏನೂ ಬರಲಿಲ್ಲ, ಸಿಟ್ಟು ಪೂರ್ತಿಯಾಗಿ ಬಂತು.

ಸೀಟಿನ ಅಳತೆ ತೆಗೆಯಲು ಅವಳನ್ನು ಅಂಗಡಿಗೇ ಕರೆದುಕೊಂಡು ಬಂದಿದ್ದೆ. ಬರೀ ಪೈಪಿನ ಚೌಕಟ್ಟಿನ ಮೇಲೆ ಹಲಗೆ ಇಟ್ಟು ಕೂರಿಸಿದರೆ, ಮಹಾರಾಯ್ತಿ ತುದಿಯಲ್ಲಿ ಕೂತಳು.

"ಒರಗ್ಕೊಳವ್ವ."

"ಇದ್ಯಾರ ಸೀಟ್ಲಾ?"

"ನಿಂದೇ ಕಣವ್ವ."

"ಅಯ್ಯೋ ಸುಮ್ಕಿರು, ಬಸ್ಸೇನು ನಮ್ಮಪ್ಪಂದಾ?"

ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ಮಾಮೂಲಿ ಎತ್ತರದಲ್ಲಿ ಅವಳ ಪಾದ ನೆಲ ಮುಟ್ಟುತ್ತಿರಲಿಲ್ಲ. ಒಂದೂವರೆ ಇಂಚು ತಗ್ಗಿಸಿದೆ. ತೊಡೆಗೆ ಒತ್ತದಂತೆ ಮುಂದಿನ ಅಂಚನ್ನು ದುಂಡಗೆ ಮಾಡಿದೆ. ಇಷ್ಟೆಲ್ಲ ಮಾಡಿದ್ದು ಒಂದೇ ಆಸೆಗೆ. ಅವ್ವ ಒಂದು ಸಲ, ಒಂದೇ ಸಲ, ಹಾಸನದಿಂದ ನಮ್ಮೂರಿನವರೆಗೆ ಬೆನ್ನು ಒರಗಿಸಿ ಕೂತು ಹೋಗಬೇಕು. ದಾರಿಯಲ್ಲಿ ಯಾರೇ ಹತ್ತಲಿ, ಏಳಬಾರದು.

ಆ ದಿನ ಬೇಗ ಬಂತು, ಬರಬಾರದ ರೀತಿಯಲ್ಲಿ ಬಂತು. ಅವ್ವನಿಗೆ ಹೊಟ್ಟೆನೋವು ಜಾಸ್ತಿಯಾಗಿ ಹಾಸನದಲ್ಲಿ ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಒಂಬತ್ತನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು, "ಹೊಲಿಗೆ ಇನ್ನೂ ಗಟ್ಟಿಯಾಗಿಲ್ಲ. ಇವರನ್ನು ಹೆಚ್ಚು ಹೊತ್ತು ನಿಲ್ಲಿಸಬೇಡಿ, ಕುಲುಕಾಟ ಬೇಡ. ಕಾರಿನಲ್ಲಿ ಕರೆದುಕೊಂಡು ಹೋಗಿ" ಅಂದರು. "ಕಾರ್ಯಾಕೆ ಸಾ? ಕಾರಿಗಿಂತ ಚೆನ್ನಾಗಿರೋ ಸೀಟು ನಾನೇ ಮಾಡಿದ್ದೀನಿ" ಎಂದೆ. ಎಂಥ ಜಂಬ ನೋಡಿ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿದೆ. ನನ್ನ ಟವಲ್ ಸರಿಸಿ ಕೂರಲು ಬಂದ ಒಬ್ಬನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಅವ್ವನನ್ನು ಕಿಟಕಿ ಪಕ್ಕ ಕೂರಿಸಿ ನಾನು ಈಚೆ ಕೂತೆ. ಅವಳು ಮೊದಲು ತುದಿಯಲ್ಲೇ ಕೂತಳು. ಬಸ್ಸು ಊರು ದಾಟಿದ ಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದಳು. "ಮೆತ್ಗದೆ ಕಣ್ಲಾ" ಅಂದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾಗಿ ಒಂದು ಗಂಟೆ ಕಳೆದಿದ್ದು ಬೇರೆ ಇಲ್ಲ. ಪಕ್ಕದ ಸಾಲಿನವನು ಕೇಳದಿದ್ದರೂ ಅವನಿಗೆ ಹೇಳಿದೆ, ಈ ಸೀಟು ಮಾಡಿದವನು ನಾನೇ ಎಂದು.

ಹೊಳೆನರಸೀಪುರದಲ್ಲಿ ಜನ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಕೋಲೂರಿಕೊಂಡು ನಂಜಯ್ಯನವರು ಹತ್ತಿದರು. ನಮ್ಮೂರಿನ ದೊಡ್ಡ ಜಮೀನುದಾರರು, ಎಪ್ಪತ್ತು ದಾಟಿದವರು. ಅವ್ವ ಮೂವತ್ತು ವರ್ಷ ಗೇಯ್ದದ್ದು ಅವರ ಹೊಲದಲ್ಲೇ. ಅವರು ಒಂದು ಸಲ ಕೆಮ್ಮಿದರು ಅಷ್ಟೇ, ನಿದ್ದೆಯಲ್ಲಿದ್ದ ನಮ್ಮವ್ವ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು. ನನ್ನ ಮೊಣಕಾಲು ದಾಟಿ ನಡುದಾರಿಗೂ ಬಂದುಬಿಟ್ಟಳು.

"ಬನ್ನಿ ಬುದ್ಧಿ, ಕೂತ್ಕಳಿ."

"ಅವ್ವ, ಕೂತ್ಕೋ! ಹೊಲಿಗೆ ಬಿಚ್ಚೋಯ್ತದೆ!" ಎಂದು ಕೈ ಹಿಡಿದೆ. ಬಿಡಿಸಿಕೊಂಡಳು.

ಸುಳ್ಳು ಹೇಳಬಾರದು, ನಂಜಯ್ಯನವರು ಕೆಟ್ಟ ಮಾತು ಆಡಲಿಲ್ಲ. "ಏನೇ ಸುಬ್ಬಿ, ಆಪರೇಸನ್ ಆಯ್ತಂತಲ್ಲ, ನೀನ್ಯಾಕೆ ಎದ್ದೆ? ಕೂತ್ಕ" ಅಂದರು. ಅವ್ವ ಕೂರಲಿಲ್ಲ. ಕಂಡಕ್ಟರ್ ಚನ್ನಪ್ಪ ಜನರ ಸಂದಿಯಿಂದ, "ಯಜಮಾನ್ರೇ, ಸೀಟು ಖಾಲಿ ಅದಲ್ಲ, ನೀವಾದ್ರೂ ಕೂತ್ಕಳಿ" ಎಂದ. ನಂಜಯ್ಯನವರು ಸೀಟು ನೋಡಿದರು, ಪಕ್ಕದಲ್ಲಿ ಕೂತ ನನ್ನನ್ನು ನೋಡಿದರು. "ಬ್ಯಾಡ ಬುಡಪ್ಪ, ನಿಂತ್ರೇ ನನ್ನ ಸೊಂಟಕ್ಕೆ ಒಳ್ಳೇದು" ಅಂದರು. ಅವರಿಗೆ ಸೊಂಟ ನೋವಿರಲಿಲ್ಲ. ನಮ್ಮವ್ವ ಕೂತೆದ್ದ ಜಾಗದಲ್ಲಿ, ನನ್ನ ಭುಜಕ್ಕೆ ಭುಜ ತಾಗಿಸಿ ಕೂರಲು ಅವರಿಂದ ಆಗಲಿಲ್ಲ. ಬಸ್ಸಿನಲ್ಲಿದ್ದವರಿಗೆಲ್ಲ ಅದು ಅರ್ಥವಾಯಿತು.

ಬಸ್ಸು ಹೊರಟಿತು. ಅವ್ವನ ಕಾಲು ನಡುಗುತ್ತಿತ್ತು. ಒಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದು ಮೆಲ್ಲಗೆ ಬಗ್ಗಿ, ತನ್ನ ಹಳೆಯ ರೂಢಿಯಂತೆ ನೆಲದ ಮೇಲೆ ಕೂರಲು ಹೋದಳು. ನನ್ನ ತಲೆಗೆ ರಕ್ತ ನುಗ್ಗಿತು.

"ಕೆಳೀಕೆ ಕೂತ್ಯೋ, ನೋಡು! ಇಲ್ಲೇ ಇಳಿದು ಒಂಟೋಯ್ತೀನಿ. ನಾನು ನಿನ್ನ ಮಗನೇ ಅಲ್ಲ!"

ಇಡೀ ಬಸ್ಸು ತಿರುಗಿ ನೋಡಿತು. ಅರ್ಧ ಬಗ್ಗಿದ್ದ ಅವ್ವ ಹಾಗೇ ನೆಟ್ಟಗಾದಳು.

"ಉಡುಗನ ಮಾತು ಕಟ್ಕಬ್ಯಾಡ ಸುಬ್ಬಿ" ಎಂದರು ನಂಜಯ್ಯನವರು. "ಹಸೀ ಗಾಯ. ಕೆಳೀಕಾದ್ರೂ ಕೂತ್ಕಳೇ. ನಾನೇಳ್ತಾ ಇವ್ನಿ, ಕೂತ್ಕ."

ಕೆಳಕ್ಕಾದರೂ! ಆ ಮಾತು ಕೇಳಿ ಇನ್ನಷ್ಟು ಉರಿದೆ. "ನಮ್ಮವ್ವ ಕೂತ್ರೆ ಸೀಟಲ್ಲೇ ಕೂರೋದು, ನಿಮ್ಮ ಅಪ್ಪಣೆ ಬೇಕಾಗಿಲ್ಲ" ಎಂದೆ. ಅವರು ಮುಖ ತಿರುಗಿಸಿದರು. ಅವ್ವ ಸೀಟಿನಲ್ಲೂ ಕೂರಲಿಲ್ಲ, ನೆಲದಲ್ಲೂ ಕೂರಲಿಲ್ಲ.

ನಾನೇನು ಮಾಡಿದೆ ಗೊತ್ತೇ? ಕೂತಿದ್ದೆ. ಕೈಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಕೂತಿದ್ದೆ. ಎದ್ದರೆ ಸೋತ ಹಾಗೆ ಅಂದುಕೊಂಡೆ. ನಮ್ಮಪ್ಪ ಇದ್ದಿದ್ದರೆ ಏಳುತ್ತಿರಲಿಲ್ಲ ಅಂದುಕೊಂಡೆ. ಹಿಂದೆ ಜನ ಒಂಟಿಗಾಲಲ್ಲಿ ನಿಂತಿದ್ದರು, ನನ್ನ ಪಕ್ಕದ ಜಾಗ ಖಾಲಿ ಇತ್ತು. ನನ್ನ ಮುಖ ನೋಡಿ ಯಾರೂ ಹತ್ತಿರ ಬರಲಿಲ್ಲ. ಹಳೇಕೋಟೆ ರಸ್ತೆ ಆ ವರ್ಷ ಬರೀ ಗುಂಡಿ. ಒಂದೊಂದು ಗುಂಡಿಗೂ ಅವ್ವ ಉಸಿರು ಬಿಗಿಹಿಡಿಯುವುದು ನನಗೆ ಕೇಳಿಸುತ್ತಿತ್ತು. "ಕೂತ್ಕೊಳವ್ವ" ಎಂದು ಮೂರು ಸಲ ಹೇಳಿದೆ. ಅವಳ ಕಡೆ ತಿರುಗದೆ, ಕಿಟಕಿ ನೋಡಿಕೊಂಡು ಹೇಳಿದೆ. ಎದ್ದು ಅವಳ ಸೊಂಟ ಹಿಡಿದುಕೊಳ್ಳಬಹುದಿತ್ತು, ನೆಲದ ಮೇಲೆ ಟವಲ್ ಹಾಸಿ ನಾನೂ ಪಕ್ಕದಲ್ಲಿ ಕೂರಬಹುದಿತ್ತು. ಮುಕ್ಕಾಲು ಗಂಟೆಯಲ್ಲಿ ಒಂದು ನಿಮಿಷವೂ ಇದು ತಲೆಗೆ ಹೊಳೆಯಲಿಲ್ಲ. ಥೂ ನನ್ನ ಜನ್ಮಕ್ಕೆ.

ನಮ್ಮ ಸ್ಟಾಪಿನಲ್ಲಿ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಚನ್ನಪ್ಪ, "ಏ ಗೌತಮ, ನಿಮ್ಮವ್ವನ ಸೀರೆ ನೋಡ್ಲಾ!" ಎಂದು ಕೂಗಿದ. ಹಿಂದೆಲ್ಲ ರಕ್ತ. ಟೆಂಪೊ ಮಾಡಿಕೊಂಡು ಬಂದ ದಾರಿಯಲ್ಲೇ ವಾಪಸ್ ಹಾಸನಕ್ಕೆ ಓಡಿದೆವು. ಒಳಗಿನ ಹೊಲಿಗೆ ಬಿಟ್ಟಿತ್ತು. ಮತ್ತೆ ಹೊಲಿದರು, ಆದರೆ ಕೀವು ತುಂಬಿತು, ಜ್ವರ ಏರಿತು. ಎರಡನೇ ಸಲ ಆಸ್ಪತ್ರೆಗೆ ಸೇರಿಸಿದ ಹನ್ನೆರಡನೆಯ ದಿನ ಅವ್ವ ಹೋದಳು.

ನಂಜಯ್ಯನವರೇ ಕೊಂದರು ಎಂದು ಕೇರಿಯೆಲ್ಲ ಮಾತಾಡಿತು. ನಾನೂ ಎಲ್ಲರಿಗಿಂತ ಗಟ್ಟಿಯಾಗಿ ಅದನ್ನೇ ಹೇಳಿದೆ. ಹಾಸನದ ಸಭೆಯೊಂದರಲ್ಲಿ ಮೈಕಿನ ಮುಂದೆ ನಿಂತು ಅತ್ತುಕೊಂಡು ಹೇಳಿದೆ, ಜನ ಚಪ್ಪಾಳೆ ತಟ್ಟಿದರು. ಅವರು ಆ ಸೀಟಿನಲ್ಲಿ ಕೂತಿದ್ದರೆ ನನ್ನ ಸಿಟ್ಟು ಅಷ್ಟು ಏರುತ್ತಿರಲಿಲ್ಲ, ಅವ್ವ ಬದುಕುತ್ತಿದ್ದಳೋ ಏನೋ, ಅವರ ಪಾಲಿನ ಪಾಪವನ್ನು ನಾನು ಕಮ್ಮಿ ಮಾಡುವುದಿಲ್ಲ. ಆದರೆ ನಾನು ಮೈಕಿನ ಮುಂದೆ ಅರ್ಧ ಹೇಳಿದೆ. ಇನ್ನರ್ಧವನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ವಾರ್ಡಿನಲ್ಲಿ ಐದನೆಯ ದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಅವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಕುಡಿಸಿದೆ. ತಡೆಯಲಾರದೆ ಕೇಳಿಬಿಟ್ಟೆ, "ಯಾಕವ್ವ ನಿಂತೇ ಬಂದೆ? ಅಷ್ಟು ಭಯವಾ ಅವ್ರನ್ನ ಕಂಡ್ರೆ?"

"ಭಯ ಅಲ್ಲ ಕಣ್ಮಗ" ಎಂದಳು. ಉಸಿರು ತೆಗೆದುಕೊಂಡು ಬಿಟ್ಟು ಬಿಟ್ಟು ಮಾತಾಡಿದಳು. "ಸೀಟಲ್ಲಿ ಅವ್ರ ಮುಂದೆ ಕೂರಾಕೆ ಮೈ ಒಗ್ನಿಲ್ಲ. ಕೆಳೀಕೆ ಕೂತ್ಕಳವ ಅನ್ನಿಸ್ತಿತ್ತು, ಕಾಲೆಲ್ಲ ನಡುಗ್ತಿದ್ದೋ. ಅವ್ರೂ ಕೂತ್ಕ ಅಂದ್ರು. ಮೂವತ್ತು ವರ್ಸದಲ್ಲಿ ಅವ್ರ ಮಾತ ಒಂದ್ಸಲಾನೂ ಮೀರಿರ್ನಿಲ್ಲ ನಾನು. ಅವತ್ತು ಮೀರ್ದೆ. ಅಷ್ಟು ಜನದ ಮುಂದೆ ನೀನು ಬ್ಯಾಡ ಅಂದಿದ್ದಲ್ಲಪ್ಪ, ನಿನ್ ಮಾತು ಬಿದ್ದೋಗಬಾರ್ದು ಅಂತ ನಿಂತ್ಕಂಡೆ."

ಆಮೇಲೆ ನನ್ನ ಕೈ ಹಿಡಿದುಕೊಂಡು, "ನೀನೇಳ್ದಂಗೆ ಸೀಟಲ್ಲಿ ಕೂರಾಕೆ ಆಗ್ನಿಲ್ಲ. ಬಯ್ಬ್ಯಾಡ" ಅಂದಳು.