ಬಾಗಿಲಿಗೆ ಮೂರು ಏಟು

ಊಟದ ಡಬ್ಬಿಗೆ ಮೂರು ಸಲ ತಟ್ಟಿ, ಕಿವಿಗೊಟ್ಟು, ಆಮೇಲಷ್ಟೇ ಮುಚ್ಚಳ ಬಿಗಿಯುವವನನ್ನು ಜನ ಇನ್ನೇನೆಂದು ಕರೆದಾರು? ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಜೋಡಿಸುವ ಅವನಿಗೆ 'ಟಕ್‌ಟಕ್' ಎಂದು ಹೆಸರು ಬಿದ್ದು ಮೂರು ವರ್ಷವಾಗಿತ್ತು. "ಒಳಗೆ ಯಾರಿದ್ದಾರೋ, ಮಾವನೋರಾ?" ಎಂದು ಗೆಳೆಯರು ಕಿಚಾಯಿಸಿದರೆ ಅವನೂ ಹಲ್ಲು ಕಿರಿಯುತ್ತಿದ್ದ. ಕಪಾಟು, ಪೆಟ್ಟಿಗೆ, ಬಚ್ಚಲ ಬಾಗಿಲು, ಯಾವುದನ್ನೂ ಅವನು ಸುಮ್ಮನೆ ಮುಚ್ಚಲಾರ.

ನಗುವವರಿಗೆ ಏನು ಗೊತ್ತು ಮಣ್ಣು! ಕಾರ್ಖಾನೆಯ ಶೀತಲ ಕೋಣೆಗೆ ಅಗುಳಿ ಇರುವುದು ಹೊರಗಡೆ ಮಾತ್ರ. ಬಾಗಿಲು ಎಷ್ಟು ದಪ್ಪವೆಂದರೆ ಒಳಗಿನ ಕೂಗು ಹೊರಗೆ ಕೇಳಿಸದು, ಬಡಿದರೆ ಮಾತ್ರ ಕೇಳಿಸುತ್ತದೆ. ಹಾಗಾಗಿ ಬೀಗದ ಸರದಿ ಯಾರದೋ ಅವರು ಮೂರು ಏಟು ತಟ್ಟಿ, ನೂರು ಎಣಿಸುವಷ್ಟು ಹೊತ್ತು ಕಾಯಬೇಕು. ಒಳಗೆ ಯಾರಾದರೂ ಇದ್ದರೆ ತಿರುಗಿ ತಟ್ಟುತ್ತಾರೆ.

ಮೂರು ವರ್ಷದ ಹಿಂದೆ, ರಜೆಯ ಹಿಂದಿನ ದಿನ ಮಧ್ಯಾಹ್ನ, ಅವನು ತಟ್ಟಲಿಲ್ಲ. ಘನಂದಾರಿ ಕಾರಣವೇನೂ ಇರಲಿಲ್ಲ. ಹೊರಗೆ ಚಹಾ ಆರುತ್ತಿತ್ತು, ಅಷ್ಟೇ. ಒಳಗೆ ಗಡ್ಡೆಗಳ ಸಾಲಿನ ಹಿಂದೆ, ಅಲ್ಲೇ ಕೆಲಸಕ್ಕಿದ್ದ ಅವನ ಅಣ್ಣನಿದ್ದ. ಬೀಗ ಬಿದ್ದ ಮೇಲೆ ಅಣ್ಣ ಬಡಿದರೂ ಕೇಳಲು ಕಾರ್ಖಾನೆಯಲ್ಲಿ ಯಾರೂ ಉಳಿದಿರಲಿಲ್ಲ. ರಜೆ ಮುಗಿದು ಬಾಗಿಲು ತೆರೆದಾಗ ಅಣ್ಣ ಬದುಕಿರಲಿಲ್ಲ.

"ತಟ್ಟಿದ್ದೆ, ಉತ್ತರ ಬರ್ಲಿಲ್ಲ," ಎಂದುಬಿಟ್ಟ.

ಆ ಸುಳ್ಳು ಅವನನ್ನು ಉಳಿಸಿ ಅತ್ತಿಗೆಯ ಹೆಗಲೇರಿತು. ಅಂದು ಬೆಳಿಗ್ಗೆ ಅವಳು ಗಂಡನೊಡನೆ ಜಗಳವಾಡಿ, "ಮನೆ ಕಡೆ ತಲೆ ಹಾಕ್ಬೇಡಿ" ಎಂದಿದ್ದಳು. ಬಾರದವನನ್ನು ಹುಡುಕಲೂ ಹೋಗಿರಲಿಲ್ಲ. ತಟ್ಟಿದರೂ ಓಗೊಡಲಿಲ್ಲವೆಂದರೆ ತನ್ನ ಮಾತಿಗೇ ನೊಂದು ಬೇಕೆಂದೇ ಪ್ರಾಣ ಬಿಟ್ಟ ಎಂದು ನಂಬಿದಳು. ಗಂಡನ ಕೆಲಸವನ್ನೇ ಹಿಡಿದಳು, ಅವನ ಹೆಸರೆತ್ತುವುದನ್ನು ಬಿಟ್ಟಳು. ಒಂದು ಹನಿ ಕಣ್ಣೀರು ಹಾಕಲಿಲ್ಲ.

ಟಕ್‌ಟಕ್‌ಗೆ ಅಣ್ಣ ಬೇಕಾಗಿತ್ತು. ಸೈಕಲ್ ಕಲಿಸುವಾಗ ಹಿಂದೆ ಹಿಡಿದು ಓಡುತ್ತಾ, "ಬಿಟ್ಟಿಲ್ಲ ಕಣೋ, ತುಳಿ" ಎನ್ನುತ್ತಿದ್ದ ಆ ದನಿ ಇನ್ನೊಂದೇ ಒಂದು ಸಲ ಬೇಕಾಗಿತ್ತು. ಬೈದರೂ ಸರಿಯೇ. ಅದಕ್ಕೇ ಸಿಕ್ಕ ಸಿಕ್ಕ ಮುಚ್ಚಳವನ್ನೆಲ್ಲ ತಟ್ಟುತ್ತಿದ್ದ.

ಈಚೆಗೆ ಉತ್ತರ ಬರತೊಡಗಿತ್ತು. ಡಬ್ಬಿಯಿಂದ, ಕಪಾಟಿನಿಂದ, ಮೂರು ಏಟು. ತೆರೆದು ನೋಡಿದರೆ ಊಟ, ಇಲ್ಲವೇ ಬಟ್ಟೆ. ಅವನಿಗೆ ಹೆದರಿಕೆಯಾಗಲಿಲ್ಲ, ಆಸೆಯಾಯಿತು.

ಮತ್ತೆ ರಜೆಯ ಹಿಂದಿನ ಅಂಥದೇ ಒಂದು ಮಧ್ಯಾಹ್ನ, ಬೀಗದ ಸರದಿ ಅತ್ತಿಗೆಯದಿದ್ದಾಗ, ಅವನು ಒಳಗೆ ಹೋಗಿ ಅಣ್ಣನಿದ್ದ ಜಾಗದಲ್ಲೇ ಕೂತ. ಬಾಗಿಲು ಮುಚ್ಚಿತು. ಟಕ್, ಟಕ್, ಟಕ್.

ಅಣ್ಣ ಕಾದದ್ದು ಈ ಸದ್ದಿಗೆ. ಸುಮ್ಮನಿದ್ದುಬಿಟ್ಟರೆ ಅವನ ಹತ್ತಿರ ಹೋಗಬಹುದು. ಆದರೆ ಹೊರಗೆ ಅತ್ತಿಗೆ ಎಣಿಸುತ್ತಿದ್ದಾಳೆ. ಉತ್ತರ ಬರದ ಇನ್ನೊಂದು ಸಾವನ್ನು ಅವಳ ಹೆಗಲಿಗೆ ಹೇರುವುದೇ? ಅವನು ಎದ್ದು ಓಡಿ ಎರಡೂ ಮುಷ್ಟಿಯಿಂದ ಬಡಿದ.

"ಇಲ್ಲೇನ್ ಮಾಡ್ತಿದ್ದೀಯೋ, ಹುಚ್ಚಪ್ಪಾ!" ಅತ್ತಿಗೆ ಬಾಗಿಲು ತೆಗೆದಿದ್ದಳು.

"ಅವತ್ತು ನಾನು ತಟ್ಟಲೇ ಇಲ್ಲ ಅತ್ತಿಗೆ. ಸುಳ್ಳು ಹೇಳ್ದೆ."

ಅವಳು ಹೊಡೆಯಲಿಲ್ಲ, ಕೂಗಾಡಲಿಲ್ಲ. ಅವನನ್ನು ದಾಟಿ ಗಡ್ಡೆಗಳ ಸಾಲನ್ನೇ ನೋಡಿದಳು.

"ಹಾಗಾದ್ರೆ ಅವ್ರು ಮನೆಗೆ ಬರೋರಿದ್ರು," ಎಂದಳು. ಮೂರು ವರ್ಷದ ಅಳು ಆಗ ಬಂತು.

ಅವನನ್ನು ತೋಳು ಹಿಡಿದು ಹೊರಗೆಳೆದು ಬಾಗಿಲು ಮುಚ್ಚಿದಳು. ಆಮೇಲೆ ತಾನೇ ಮೂರು ಸಲ ತಟ್ಟಿ, ಬಾಗಿಲಿಗೆ ಕಿವಿಯಿಟ್ಟು ನಿಂತಳು. ನೂರು ಎಣಿಸಿಯಾದ ಮೇಲೂ ಕದಲಲಿಲ್ಲ.