ಮಾಸಿನಲ್ಲಿ ಅಡಗಿದ ಚಳಿಜ್ವರ

ಹೊರ್ತಿಯ ಕಸ್ತೂರೆವ್ವನ ಮಗಳು ರೇಣವ್ವ ಚೊಚ್ಚಲ ಬಸುರಿ. ಏಳು ತಿಂಗಳಿಗೆ ಕುಬಸದ ಸೀಮಂತ ಮುಗಿಸಿ ತವರಲ್ಲಿ ಉಳಿಸಿಕೊಂಡು ಹದಿನೈದು ದಿನವೂ ಆಗಿರಲಿಲ್ಲ, ಹುಡುಗಿಗೆ ದಿನ ಬಿಟ್ಟು ದಿನ ಚಳಿ ಹತ್ತಿತು. ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲದು. ಆಮೇಲೆ ಮೈ ಕಾದ ಹಂಚಿನಂತಾಗಿ ಬೆವರು ಕಿತ್ತುಕೊಂಡು ಬರುವುದು.

“ಬಸರಿ ಮೈ, ಬಿಸಿ-ಥಂಡಿ ಇರೂದ,” ಎಂದು ಕಸ್ತೂರೆವ್ವ ಎಲ್ಲರಿಗೂ ಹೇಳುತ್ತಿದ್ದಳು. ಆ ಮಾತಿನಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ.

ಮನೆಮನೆಗೆ ಜ್ವರ ವಿಚಾರಿಸುವ ನರ್ಸ್ ಸುಮಿತ್ರಾಬಾಯಿ ಬಂದವರೇ ರೇಣವ್ವನ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡರು. ಗೋಡೆಯನ್ನೂ ಮುಟ್ಟಿ ನೋಡಿದರು.

“ಹೋದ ತಿಂಗಳ ಸೊಳ್ಳಿ ಸಾಯ್ಲಿ ಅಂತ ಡಿಡಿಟಿ ಹೊಡದಿದ್ರಲ್ಲ, ಎಲ್ಲಿ ಹೋತು?”

ಕಸ್ತೂರೆವ್ವ ಸೆರಗಿನ ತುದಿ ಹಿಂಡಿದಳು. “ಕುಬಸಕ್ಕ ಬೀಗರು ಬರಾವ್ರಿದ್ರು ಬಾಯಾರ. ಗ್ವಾಡಿ ತುಂಬ ಬಿಳೇ ಕಲಿ. ಕೆಮ್ಮಣ್ಣು, ಸಗಣಿ ಕಲಸಿ ಸಾರಿಸಿದೆ.”

“ಔಷಧ ಮುಚ್ಚಿಬಿಟ್ರಿ. ಬೀಗರಕಿಂತ ಮೊದಲ ಸೊಳ್ಳಿ ಬಂದು ಕುಂತಾವ.”

ಸುಮಿತ್ರಾಬಾಯಿ ಚಳಿಜ್ವರದ ನಾಲ್ಕು ಗುಳಿಗೆ ಕೊಟ್ಟರು. ಕಸ್ತೂರೆವ್ವ ಅವನ್ನು ಮಗಳಿಗೆ ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡಳು.

“ಈ ಗುಳಿಗಿ ಭಾಳ ಉಷ್ಣ ಅಂತಾರ್ರಿ. ಬಸರ ಇಳದ್ರ ಬೀಗರಿಗೆ ಏನ್ ಮಾರಿ ತೋರಸ್ಲಿ?”

“ಬಸರ ಇಳಸೂದು ಜ್ವರ, ಗುಳಿಗಿ ಅಲ್ಲ. ಕೂಸಿಗೆ ಅನ್ನ, ಉಸಿರು ಮುಟ್ಟೂದು ಹೊಕ್ಕಳಬಳ್ಳಿ ಅಂಟಿರೂ ಮಾಸಿನಿಂದ. ಈ ಚಳಿಜ್ವರದ, ಅಂದ್ರ ಮಲೇರಿಯಾದ ರೋಗಾಣು ತಾಯಿ ರಕ್ತದಾಗ ಹೋಗಿ ಆ ಮಾಸಿನಾಗ ಗುಂಪು ಕೂಡ್ತಾವ. ಚೊಚ್ಚಲ ಬಸರಾಗ ಇನ್ನೂ ಹೆಚ್ಚು. ಕೂಸು ಒಳಗ ಹಸಕೊಂಡು ಸೊರಗತೈತಿ, ತಾಯಿ ರಕ್ತಾನೂ ಕಡಿಮಿ ಆಗತೈತಿ.”

ಕಸ್ತೂರೆವ್ವ ಹೊಸ್ತಿಲಲ್ಲಿ ಕುಳಿತಿದ್ದ ಸೂಲಗಿತ್ತಿ ಖಾತುನಬಿಯ ಮುಖ ನೋಡಿದಳು. ಹುಟ್ಟಿದಾಗ ರೇಣವ್ವನನ್ನು ಮೊದಲು ಎತ್ತಿಕೊಂಡದ್ದೂ ಆ ಕೈಗಳೇ. ಖಾತುನಬಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಹೋದ ವರ್ಷ ನಮ್ಮ ಓಣಿ ಶಂಕ್ರೆವ್ವಗ ಹಿಂಗ ನಡಗ ಬರತಿತ್ತು. ನಾನೂ ನಿನ್ನಂಗ ಬಸರಿ ಮೈ ಅಂದೆ. ಎಂಟ ತಿಂಗಳಿಗೆ ಹಡದ್ಲು. ಕೂಸು ಅಂಗೈಯಾಗ ಹಿಡೀತಿತ್ತು. ಮಾಸು ಹುಗಿಯಾಕ ಹೋಗಿ ನೋಡತೇನಿ, ಸಾಲಿ ಹುಡುಗ್ರು ಬರಿಯೂ ಪಾಟಿಯಂಗ ಕರ್ರಗ. ಯಾರಿಗೂ ತೋರಿಸ್ಲಿಲ್ಲ. ಐದನೇ ದಿನಕ್ಕ ಕೂಸನ್ನೂ ಹುಗದ್ರು.”

ಕೌದಿಯೊಳಗಿಂದ ರೇಣವ್ವ ಅಂದಳು, “ಯವ್ವಾ, ಮುಂಜಾನಿಂದ ಕೂಸು ಮಿಸುಕಿಲ್ಲ.”

ಸುಮಿತ್ರಾಬಾಯಿ ಹೊಟ್ಟೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. “ಬಡಿತ ಐತಿ. ಆದ್ರ ಇವತ್ತ ಇಂಡಿ ದವಾಖಾನಿಗೆ ನಡೀರಿ.”

ಕಸ್ತೂರೆವ್ವನೇ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಉಣಿಸಿದಳು, ಒಂದೊಂದಾಗಿ ಗುಳಿಗೆ ನುಂಗಿಸಿದಳು. ಇಂಡಿಯ ಬಸ್ಸಿನಲ್ಲಿ ಮಗಳ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ ಕೂಸು ಒಮ್ಮೆ ಮಿಸುಕಿತು. ಇನ್ನೊಮ್ಮೆ ಮಿಸುಕಲಿ ಎಂದು ಅವಳು ಕಾಯುತ್ತ ಕುಳಿತಳು.

ಅಕ್ಕಂದಿರೇ, ಅತ್ತೆಯಂದಿರೇ, ಡಿಡಿಟಿ ಹೊಡೆದ ಗೋಡೆಯನ್ನು ಮೂರು ತಿಂಗಳು ಸಾರಿಸಬೇಡಿ. ಬಸುರಿಗೆ ಚಳಿಜ್ವರ ಬಂದರೆ ಅಂದೇ ರಕ್ತ ತೋರಿಸಿ. ಬಸುರಿ ಎಂದು ಹೇಳಿಯೇ ಗುಳಿಗೆ ಪಡೆಯಿರಿ, ಇನ್ನೊಬ್ಬರಿಗೆ ಕೊಟ್ಟದ್ದನ್ನು ನುಂಗಿಸಬೇಡಿ. ಒಳಗಿನ ಕೂಸು ತನ್ನ ಸಂಕಟವನ್ನು ಕೂಗಿ ಹೇಳಲಾರದು. ಅದರ ಪರವಾಗಿ ನೀವೇ ಹೇಳಬೇಕು, ಹೊತ್ತು ಮೀರುವ ಮೊದಲು.